ಕೂದಲಲ್ಲಿ ಸಿಕ್ಕಿದ ಅರಳು

ಅಪಕೂಕಿಯ ತಲೆಗೂದಲನ್ನು ದೂರದಿಂದ ನೋಡಿದವರು ಅದನ್ನು ಟೋಪಿ ಎಂದುಕೊಳ್ಳುತ್ತಿದ್ದರು. ಕಬ್ಬಿಗೆ ಸೂಲಂಗಿ ಬಂದ ತಿಂಗಳಲ್ಲಿ, ಗದ್ದೆಯ ತುಂಬ ಬೆಳ್ಳಿ ಬಣ್ಣದ ತೆನೆಗಳು ಅಲುಗಾಡುವಾಗ, ಅವುಗಳ ನಡುವೆ ಒಂದು ಕಪ್ಪು ಉಂಡೆ ಮೆಲ್ಲಗೆ ತೇಲಿಕೊಂಡು ಹೋಗುವುದು ಕಾಣುತ್ತಿತ್ತು. ಅದರ ಕೆಳಗೊಬ್ಬ ಮನುಷ್ಯ ಇದ್ದಾನೆಂಬುದು ಬದುವಿಗೆ ಬಂದ ಮೇಲಷ್ಟೇ ಗೊತ್ತಾಗುವುದು. ಮಳೆ ಬಂದರೆ ಅವನ ಹೆಗಲು ನೆನೆಯುತ್ತಿರಲಿಲ್ಲ ಎಂದು ನಮ್ಮ ಕಡೆಯವರು ಹೇಳುತ್ತಾರೆ. ಅಷ್ಟು ಅಗಲ, ಅಷ್ಟು ದಟ್ಟ.

ನಮ್ಮ ದ್ವೀಪದ ವುನಿಕುರದಲ್ಲಿ ನದಿ ಅವಸರವಿಲ್ಲದೆ ಹರಿಯುತ್ತದೆ. ಈಚೆ ದಡದಲ್ಲಿ, ಹಿಂದೊಮ್ಮೆ ಸಮುದ್ರ ದಾಟಿ ಬಂದು ಕಬ್ಬು ಬೆಳೆಯುವ ನಮ್ಮ ಮನೆಗಳು, ತಗಡಿನ ಸೂರು, ಹಿತ್ತಲಲ್ಲಿ ಕರಿಬೇವು. ಆಚೆ ದಡದಲ್ಲಿ ದ್ವೀಪದ ಮೂಲನಿವಾಸಿಗಳಾದ ಅಪಕೂಕಿಯವರ ಊರು, ಹುಲ್ಲಿನ ಬಯಲು, ಬಿಳಿ ಬಳಿದ ಚರ್ಚು. ನಡುವೆ ಕಬ್ಬಿನ ರೈಲಿನ ಸೇತುವೆ. ರೈಲು ಬರುವುದು ಕಟಾವಿನ ಕಾಲದಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಆ ಹಳಿಯ ಮೇಲೆ ಓಡಾಡುವುದು ಪಾತ್ರೆಗಳು. ಆಚೆಯಿಂದ ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಸೊಪ್ಪು ಬಂದರೆ, ಈಚೆಯಿಂದ ಅದೇ ಪಾತ್ರೆಯಲ್ಲಿ ಹುಳಿ ತುಂಬಿ ಹೋಗುತ್ತಿತ್ತು. ಕೆಲವು ಪಾತ್ರೆಗಳು ಯಾವ ದಡದವು ಎಂದು ಈಗ ಯಾರಿಗೂ ನೆನಪಿಲ್ಲ. ಅಪಕೂಕಿಯ ಹೆಂಡತಿ ಮೆರೆಉಲ ಕೆಸುವಿನ ಸೊಪ್ಪಿಗೆ ಜೀರಿಗೆ ಒಗ್ಗರಣೆ ಹಾಕುವುದನ್ನು ಕಲಿತು ಎಷ್ಟು ವರ್ಷವಾಯಿತೆಂದರೆ, ಅದು ತನ್ನ ಅಜ್ಜಿಯ ಕಾಲದ ಅಡುಗೆ ಎಂದೇ ಅವಳು ವಾದಿಸುತ್ತಿದ್ದಳು.

ಅಪಕೂಕಿ ಎತ್ತುಗಳನ್ನು ಹಿಂದಿಯಲ್ಲಿ ಬೈಯುತ್ತಿದ್ದ, ದೇವರನ್ನು ತನ್ನ ಭಾಷೆಯಲ್ಲಿ ಕರೆಯುತ್ತಿದ್ದ. ಭಾನುವಾರ ಚರ್ಚಿನಲ್ಲಿ ಅವನದು ಎಲ್ಲರಿಗಿಂತ ಕೆಳಗಿನ ದನಿ, ಕಲ್ಲಿನ ಕೆಳಗೆ ನೀರು ಹರಿದ ಹಾಗೆ. ಅವನ ದನಿ ಕೇಳುವುದಕ್ಕೆಂದೇ ಅರ್ಮೋಗಂ ಹಣೆಯ ವಿಭೂತಿಯ ಸಮೇತ ಚರ್ಚಿನ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಿದ್ದ.

ಅರ್ಮೋಗಂ ನಮ್ಮ ಕಡೆಯವನು, ಕಟಾವಿನ ತಂಡದ ಮೇಸ್ತ್ರಿ. ಆ ತಂಡದಲ್ಲಿ ಅಪಕೂಕಿಯದು ಮೊದಲ ಕತ್ತಿ. ಆಚೆ ದಡದಲ್ಲಿ ಒಬ್ಬರು ಇನ್ನೊಬ್ಬರ ತಲೆ ಮುಟ್ಟುವುದಿಲ್ಲ. ಅದು ದೊಡ್ಡ ಅವಮಾನ. ಮಕ್ಕಳ ತಲೆ ಸವರುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ಆದರೆ ಅರ್ಮೋಗಂ ತಾನು ಸೇದಿ ಉಳಿಸಿದ ಅರ್ಧ ಚುಟ್ಟವನ್ನು, ಒಮ್ಮೊಮ್ಮೆ ತನ್ನ ಬಾಚಣಿಗೆಯನ್ನು, ಅಪಕೂಕಿಯ ಕೂದಲಿನಲ್ಲಿ ಸಿಕ್ಕಿಸಿಡುತ್ತಿದ್ದ.

"ಏ ತವಾಲೆ, ಅಲ್ಲಾಡ್ಬೇಡ. ನನ್ನ ಚುಟ್ಟ ಬಿದ್ದೋಗತ್ತೆ."

"ನನ್ನ ತಲೆ ಏನು ನಿಮ್ಮನೆ ಅಟ್ಟಾನಾ?"

"ಅಟ್ಟ ಆದ್ರೆ ಇಲಿ ಇರ್ಬೇಕಲ್ಲ? ತಡಿ, ನೋಡೇಬಿಡ್ತೀನಿ."

ತವಾಲೆ ಎಂದರೆ ಭಾವಮೈದುನ. ತವಾಲೆಗಳು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಛೇಡಿಸಬಹುದು, ಸಿಟ್ಟಾಗುವ ಹಾಗಿಲ್ಲ. ತಲೆ ಮುಟ್ಟುವ ಸಲಿಗೆ ಇರುವುದು ಅವರಿಗೆ ಮಾತ್ರ. ಈ ಇಬ್ಬರು ಭಾವಮೈದುನರಾದದ್ದು ಒಂದು ಹಡಗು ಬಾರದೆ ಹೋದ ದಿನ.

ಅರ್ಮೋಗಂನ ಮದುವೆ ಗೊತ್ತಾಗಿದ್ದು ಸಮುದ್ರದಾಚೆ ದೊಡ್ಡ ದ್ವೀಪದ ಅಂಗಮ್ಮನೊಂದಿಗೆ. ಹುಡುಗಿಯನ್ನೂ ಅವಳ ತಾಯಿಯನ್ನೂ ಮೊದಲೇ ಕಳಿಸಿಕೊಟ್ಟು, ಅಣ್ಣಂದಿರು ಮುಂದಿನ ಹಡಗಿನಲ್ಲಿ ಬರುವವರಿದ್ದರು. ಸಮುದ್ರ ಕೆಟ್ಟಿತು. ಹಡಗು ಹೊರಡಲೇ ಇಲ್ಲ. ಇತ್ತ ಚಪ್ಪರದಲ್ಲಿ ಹೋಮದ ಬೆಂಕಿ ಏಳುತ್ತಿತ್ತು, ಅರಳಿನ ತಟ್ಟೆ ಸಿದ್ಧವಾಗಿತ್ತು. ಮದುಮಗಳ ಬೊಗಸೆಗೆ ಅರಳು ಸುರಿಯುವುದು ಅವಳ ಅಣ್ಣ. ಪೂಜಾರಿ ತಲೆಯೆತ್ತಿ ಕೇಳಿದರು.

"ಹುಡುಗಿ ಅಣ್ಣ ಎಲ್ಲಿ? ಬನ್ನಿ, ಬನ್ನಿ, ಹೊತ್ತು ಮೀರ್ತಿದೆ."

ಯಾರೂ ಏಳಲಿಲ್ಲ. ಅಂಗಮ್ಮ ತಲೆ ತಗ್ಗಿಸಿದ್ದಳು. ಆಗ ಚಪ್ಪರದ ಕಂಬಕ್ಕೆ ಬಾಳೆಗಿಡ ಕಟ್ಟುತ್ತಾ ನಿಂತಿದ್ದವನು ಹತ್ತೊಂಬತ್ತರ ಅಪಕೂಕಿ. ಪೇಟ ಸುತ್ತಿದ ಮದುಮಗ ಅವನತ್ತ ಕೈ ತೋರಿಸಿದ.

"ಅವನು ಬರ್ಲಿ."

"ಅವನಾ?" ಎಂದರು ಪೂಜಾರಿ.

"ಕೂರೋಕೆ ಚಾಪೆ ತಂದಿದ್ದಾನೆ. ಹೋಮಕ್ಕೆ ಸೌದೆ ತಂದಿದ್ದಾನೆ. ಅಣ್ಣ ಆದವನು ಇನ್ನೇನು ತರ್ತಾನೆ?"

ಅಪಕೂಕಿ ಕೈ ತೊಳೆದು ಬಂದ. ಅವನ ದೊಡ್ಡ ಬೊಗಸೆಯಿಂದ ಅವಳ ಪುಟ್ಟ ಬೊಗಸೆಗೆ ಅರಳು ಇಳಿಯುತ್ತಿದ್ದಾಗ ನದಿಯ ಕಡೆಯಿಂದ ಒಂದು ಗಾಳಿ ಎದ್ದಿತು. ಅರ್ಧ ಅರಳು ಬೆಂಕಿಗೆ ಬಿತ್ತು, ಉಳಿದದ್ದು ಹಾರಿ ಅವನ ಕೂದಲಿನೊಳಗೆ ಸಿಕ್ಕಿಕೊಂಡಿತು. ಅಂಗಮ್ಮ ತಲೆಯೆತ್ತಿದಳು. ಕಪ್ಪು ಮೋಡದ ತುಂಬ ಬಿಳಿ ಚುಕ್ಕಿ. ಅವಳಿಗೆ ತಡೆಯಲಾಗದೆ ನಗು ಬಂತು. ಈ ದ್ವೀಪದಲ್ಲಿ ಅವಳು ನಕ್ಕ ಮೊದಲ ನಗು ಅದು ಎಂದು ಹಳಬರು ಹೇಳುತ್ತಾರೆ. ಅಪಕೂಕಿ ಆ ಅರಳನ್ನು ಕೊಡವಲಿಲ್ಲವಂತೆ. ಎರಡು ದಿನ ಊರಿನ ಕೋಳಿಗಳು ಅವನ ಹಿಂದೆಯೇ ತಿರುಗಿದವಂತೆ.

ನಮ್ಮಲ್ಲಿ ಇಂಥವು ಮಂತ್ರ ಮುಗಿದ ಮೇಲೆ ಮುಗಿಯುತ್ತವೆ. ಆಚೆ ದಡದವರಿಗೆ ಅದು ಮುಗಿಯುವ ವಿಷಯವಾಗಿರಲಿಲ್ಲ. ಮರುವಾರ ಅಪಕೂಕಿಯ ತಾಯಿ ತಾನೇ ಹೆಣೆದ ಚಾಪೆಯನ್ನು ಸುರುಳಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಸೇತುವೆ ದಾಟಿ ಬಂದಳು. ಅದರ ಅಂಚಿಗೆ ಕೆಂಪು ಹಸಿರು ಉಣ್ಣೆಯ ಕುಚ್ಚು. "ನನ್ನ ಮಗ ನಿಂಗೆ ಅಣ್ಣ ಆದ ಮೇಲೆ, ನೀನು ನಂಗೆ ಮಗಳು ಅಲ್ವೇನೇ?" ಎಂದು ಅಂಗಮ್ಮನ ಮುಂದೆ ಹಾಸಿದಳು.

ಅಂಗಮ್ಮನಿಗೆ ಒಬ್ಬಳೇ ಮಗಳು, ಸುಭಾಗಿ. ಮಗುವಿನ ಮೊದಲ ಕೂದಲು ತೆಗೆಯುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ಕೂರಿಸಿದರು. ಕ್ಷೌರಿಕನ ಕತ್ತಿ ಕಂಡು ಮಗು ಕಿರುಚಿ, ಎರಡು ಕೈಯಲ್ಲೂ ಮಾವನ ಕೂದಲನ್ನು ಹಿಡಿದುಕೊಂಡಿತು. ಎಲ್ಲ ಮುಗಿಯುವವರೆಗೂ ಬಿಡಲಿಲ್ಲ. ಕಣ್ಣಲ್ಲಿ ನೀರು ಬಂದರೂ ಅಪಕೂಕಿ ಅಲ್ಲಾಡಲಿಲ್ಲ.

ನಡೆಯಲು ಕಲಿತದ್ದೇ ತಡ, ಸುಭಾಗಿ ಸೇತುವೆ ದಾಟತೊಡಗಿದಳು. ಆಚೆಯವರಲ್ಲಿ ತಂಗಿಯ ಮಗುವನ್ನು ವಾಸು ಎನ್ನುತ್ತಾರೆ. ವಾಸು ಮಾವನ ಮನೆಯಲ್ಲಿ ಕೇಳುವುದಿಲ್ಲ, ತೆಗೆದುಕೊಳ್ಳುತ್ತದೆ. ಮಾವನಾಗಲಿ ಮಾವನ ಊರಾಗಲಿ ಅದರ ಕೈ ಹಿಡಿಯುವಂತಿಲ್ಲ. ಸುಭಾಗಿ ಕೆಂಪು ಕೊಡೆ ಒಯ್ದಳು. ರೇಡಿಯೊ ಒಯ್ದು, ಹಾಡು ಮುಗಿದ ಮೇಲೆ ತಂದಿಟ್ಟಳು. ಮೆರೆಉಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಬಂದ್ಲು, ಬಂದ್ಲು ಸುಂಟರಗಾಳಿ! ಹಾಸಿಗೆ ಮಡಚಿಡ್ರೋ, ಅದನ್ನೂ ಹೊತ್ಕೊಂಡು ಹೋದಾಳು!"

"ಮೋಮೋ, ಈ ಕೋಳಿ ನಂದು," ಎನ್ನುತ್ತಿದ್ದಳು ಹುಡುಗಿ. ಮೋಮೋ ಎಂದರೆ ಸೋದರಮಾವ.

"ನಿಂದೇ ಮಗಾ. ಅದಕ್ಕೆ ಮಾತ್ರ ಇನ್ನೂ ಗೊತ್ತಾಗಿಲ್ಲ," ಎನ್ನುತ್ತಿದ್ದ ಅಪಕೂಕಿ.

ಹನ್ನೆರಡನೆಯ ವಯಸ್ಸಿನಲ್ಲಿ ಅದು ನಿಂತಿತು. ಒಂದು ದಿನ ಅವಳು ಬಗಲಲ್ಲಿ ಕೋಳಿ ಇಟ್ಟುಕೊಂಡು ಸೇತುವೆಯ ಹತ್ತಿರ ಬಂದಾಗ, ಅಪಕೂಕಿಯ ಕುಲದ ಯಜಮಾನ ಜೋಸೆವತ ಎದುರಾದ. ನಗುತ್ತಲೇ ಕೇಳಿದ. "ಏನಮ್ಮ, ನಿಜವಾದ ವಾಸುಗಳು ಕೂಡ ಇಷ್ಟು ಕೋಳಿ ಹೊತ್ಕೊಂಡು ಹೋಗಲ್ವಲ್ಲ!" ಅವನಿಗೆ ಅದು ತಮಾಷೆ. ಹೇಳಿ, ಮರೆತು, ಮುಂದೆ ಹೋದ. ಸುಭಾಗಿ ಸೇತುವೆಯ ನಡುವೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ತಿರುಗಿ ಹೋಗಿ ಕೋಳಿಯನ್ನು ಬಿಟ್ಟು ಬಂದಳು. ಅಂದಿನಿಂದ ಅವಳು ಮಾವನ ಮನೆಯಲ್ಲಿ ನೀರು ಬೇಕಾದರೂ ಕೇಳಿ ಕುಡಿದಳು. ಮಾತಿನಲ್ಲಿ 'ನೀನು' ಹೋಗಿ 'ನೀವು' ಬಂತು. ಯಾಕೆಂದು ಯಾರಿಗೂ ಹೇಳಲಿಲ್ಲ. ದೊಡ್ಡವಳಾದಳು, ಮರ್ಯಾದೆ ಕಲಿತಳು ಎಂದುಕೊಂಡರು.

ವರ್ಷಗಳು ಕಬ್ಬಿನ ರೈಲಿನ ಹಾಗೆ ಒಂದರ ಹಿಂದೊಂದು ಹೋದವು. ಅಂಗಮ್ಮ ತೀರಿಕೊಂಡಳು. ಸುಭಾಗಿ ನಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರಾದಳು, ಮದುವೆ ಬೇಡವೆಂದಳು, ಅಪ್ಪನ ಜೊತೆಯೇ ಉಳಿದಳು. ಅಪಕೂಕಿಯ ಕೂದಲು ಮಾತ್ರ ಕಪ್ಪಾಗಿಯೇ ಇತ್ತು. ಅರ್ಮೋಗಂ ಅದರಲ್ಲಿ ಬಿಳಿ ಕೂದಲು ಹುಡುಕುತ್ತಾ ಮಧ್ಯಾಹ್ನಗಳನ್ನು ಕಳೆಯುತ್ತಿದ್ದ. "ಬಣ್ಣ ಹಚ್ಕೋತೀಯ, ನಂಗೆ ಗೊತ್ತು." "ಹಚ್ಚೋನು ನೀನೇ ಅಲ್ವ, ಚುಟ್ಟದ ಮಸಿ!"

ಆಗಸ್ಟಿನ ಒಂದು ಬೆಳಿಗ್ಗೆ, ಕಟಾವಿನ ನಡುವೆ, ಅರ್ಮೋಗಂ ಚಹಾದ ಲೋಟವನ್ನು ಜಗಲಿಯ ಮೇಲಿಟ್ಟು ಕಂಬಕ್ಕೆ ಒರಗಿದವನು ಏಳಲಿಲ್ಲ. ಎಲ್ಲಿಯೋ ಸುಟ್ಟ ಕಬ್ಬಿನ ಬೂದಿ ಗಾಳಿಯಲ್ಲಿ ತೇಲಿ ಬಂದು ಅವನ ಬಿಳಿ ಅಂಗಿಯ ಮೇಲೆ ಕೂರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಆಚೆ ದಡ ಸೇತುವೆ ದಾಟಿ ಬಂತು. ಚಾಪೆಗಳು, ಕಾಣಿಕೆಗೆ ಕೊಡುವ ಯಾಂಗೋನ ಬೇರಿನ ಕಟ್ಟು, ಕಪ್ಪು ಬಟ್ಟೆಯ ಹೆಂಗಸರು. ಜೋಸೆವತ ಬೇರಿನ ಕಟ್ಟನ್ನು ಮುಂದಿಟ್ಟು ಸಾವಿನ ಮನೆಗೆ ಹೇಳಬೇಕಾದ ಮಾತು ಹೇಳಿದ. ಎಲ್ಲರೂ ಅಂಗೈ ಬಟ್ಟಲು ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದರು. ಆ ಸದ್ದು ಚಪ್ಪಾಳೆಯಂತಿರುವುದಿಲ್ಲ. ಆಳದ ಬಾವಿಗೆ ಏನೋ ಬಿದ್ದಂತಿರುತ್ತದೆ. ಒಪ್ಪಿದೆವು ಎಂದು ಅದರ ಅರ್ಥ. ಆಗ ಅಪಕೂಕಿ ಯಾರೂ ಕೇಳದಿದ್ದರೂ ಮಂಡಿಯೂರಿ ಮಾತಾಡಿದ.

"ಈ ತಲೆ ಅವನ ಅಟ್ಟ ಆಗಿತ್ತು. ನೂರು ರಾತ್ರಿ ಇದನ್ನ ಕಬ್ಬಿಣಕ್ಕೆ ಕೊಡಲ್ಲ. ನಾನು ತಾಕಿಸಲ್ಲ."

ಮತ್ತೆ ಮೂರು ಚಪ್ಪಾಳೆ. ಹತ್ತಿರದವರು ಸತ್ತರೆ ಅಲ್ಲಿಯವರು ಹೀಗೆ ಯಾವುದಾದರೊಂದನ್ನು ನೂರು ರಾತ್ರಿ ಬಿಡುತ್ತಾರೆ. ಒಬ್ಬರು ಮೀನು ಬಿಡುತ್ತಾರೆ, ಒಬ್ಬರು ಹಾಡು ಬಿಡುತ್ತಾರೆ. ಗಂಡಸರು ಹೆಚ್ಚಾಗಿ ಕೂದಲು ಕತ್ತರಿಸುವುದನ್ನು. ಹೇಳಿದ್ದನ್ನು ಮುರಿದವನು ಸತ್ತವರ ಹಿಂದೆಯೇ ಹೋಗುತ್ತಾನೆ ಎನ್ನುವುದು ಅವರ ನಂಬಿಕೆ.

ಇದೆಲ್ಲ ಮುಂದಿನ ಅಂಗಳದಲ್ಲಿ ನಡೆಯುವಾಗ ಸುಭಾಗಿ ಹಿತ್ತಲಲ್ಲಿ ಹೆಂಗಸರ ನಡುವೆ ಇದ್ದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಮಾವನ ಪಕ್ಕ ಕೂತಳು.

"ಮೋಮೋ, ಬೆಂಕಿ ನೀವು ಕೊಡ್ಬೇಕಂತೆ. ಅಪ್ಪ ಯಾವಾಗ್ಲೂ ಅದನ್ನೇ ಹೇಳ್ತಿದ್ರು. ಕೊಡ್ತೀರಾ?"

"ಕೊಡ್ತೀನಮ್ಮ," ಎಂದ ಅಪಕೂಕಿ. ಯೋಚಿಸಲಿಲ್ಲ. ಬೆಂಕಿ ಕೊಟ್ಟವನಿಂದ ಆಮೇಲೆ ಏನು ಬೇಡುತ್ತಾರೆಂದು ಆ ಹೊತ್ತಿನಲ್ಲಿ ಅವನಿಗೆ ನೆನಪಾಗಲಿಲ್ಲ. ಅಪಕೂಕಿಯ ಮಾತನ್ನು ಕೇಳಿದ್ದ ನಮ್ಮ ಕಡೆಯ ಗಂಡಸರಿಗೂ ನೆನಪಾಗಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಅವನು ಒಂದೇ ತಲೆಯನ್ನು ಎರಡು ಕಡೆಗೆ ಕೊಟ್ಟುಬಿಟ್ಟಿದ್ದ.

ಗೊತ್ತಾದದ್ದು ಮೂರನೆಯ ದಿನ, ಬೂದಿಯನ್ನು ನದಿಗೆ ಬಿಟ್ಟು ಬರುವಾಗ. ಪೂಜಾರಿ ಚಿನ್ನಪ್ಪ ಒದ್ದೆ ಪಂಚೆ ಹಿಂಡುತ್ತಾ ಹೇಳಿದರು. "ಹದಿಮೂರನೇ ದಿನ ಬೆಳಿಗ್ಗೆ ಇಲ್ಲಿಗೇ ಬನ್ನಿ. ಬೆಂಕಿ ಕೊಟ್ಟವರ ತಲೆ ಬೋಳಿಸಿ, ಸ್ನಾನ ಮಾಡಿಸಿ, ಪಿಂಡ ಇಡೋದು."

ಅಪಕೂಕಿಯ ಕೈ ತಾನಾಗಿ ತಲೆಗೆ ಹೋಯಿತು.

"ಬೋಳಿಸ್ಲೇಬೇಕಾ, ಪೂಜಾರಿಗಳೇ?"

"ಪೂರ್ತಿ ಬೇಡ ಅನ್ನೋದಾದ್ರೆ ನಾಕು ಎಳೆ ಕತ್ತರಿಸಿದ್ರೂ ನಡೆಯತ್ತೆ. ಆದ್ರೆ ಕತ್ತರಿ ತಾಕ್ಬೇಕಪ್ಪ. ತಾಕದೆ ನಾನು ಪಿಂಡ ಇಡ್ಸಲ್ಲ."

"ಬೇರೆ ಯಾರಾದ್ರೂ ಬೋಳಿಸ್ಕೊಂಡ್ರೆ?"

"ಬೆಂಕಿ ಒಬ್ರು, ಬೋಳು ಒಬ್ರಾ? ಊಟ ನೀನು ಮಾಡಿ, ಕೈ ನಾನು ತೊಳ್ಕೊಂಡ ಹಾಗಾಯ್ತು."

ಜೋಸೆವತನಲ್ಲಿಗೆ ಹೋದರೆ ಅವನು ಚಾಪೆ ಹಾಸಿ ಕೂರಿಸಿದ. "ನಿನ್ನ ಬಾಯಿಂದ ಬಂದಿದ್ದು ಈಗ ನಿಂದಲ್ಲ ಅಪಕೂಕಿ. ನಾವೆಲ್ಲ ಕೈ ತಟ್ಟಿದ್ದೀವಿ. ಕಟ್ಟಿದವನೇ ಬಿಚ್ಚೋಕಾಗಲ್ಲ. ಯಜಮಾನ ನಾನು ಹೌದು. ಆದ್ರೆ ನಂಗೂ ಆಗಲ್ಲ."

ಕಟಾವಿನ ತಂಡದವರಿಗೆ ಮಾತ್ರ ಇದು ಹಬ್ಬ. ಊಟದ ಹೊತ್ತಿನಲ್ಲಿ ರೊಟ್ಟಿ ಬಿಚ್ಚುತ್ತಾ ಒಬ್ಬೊಬ್ಬರೂ ಒಂದೊಂದು ದಾರಿ ಹೇಳಿದರು.

"ಎಡಗಡೆ ಬೋಳಿಸಿ ಪೂಜಾರಿಗೆ ತೋರಿಸು, ಬಲಗಡೆ ಬಿಟ್ಟು ಜೋಸೆವತನಿಗೆ ತೋರಿಸು. ಅಡ್ಡ ನಿಂತ್ಕೊಂಡ್ರೆ ಆಯ್ತು."

"ಸೇತುವೆ ಮೇಲೆ ರೈಲು ಬಂದ್ರೆ? ಆಗ ತಿರುಗ್ಬೇಕಾಗತ್ತಲ್ಲ!"

ಅಪಕೂಕಿ ಎಲ್ಲರ ಜೊತೆ ನಕ್ಕ. ಆಮೇಲೆ ಕತ್ತಿ ಮಸೆಯುತ್ತಾ ಕೂತವನು ಮಸೆಯುವುದನ್ನೇ ಮರೆತ.

ಆ ದಿನಗಳಲ್ಲಿ ಬೆಳಗಿನ ಜಾವ ಅವನಿಗೆ ಒಂದೇ ಕನಸು. ಸೂಲಂಗಿ ಬಂದ ಗದ್ದೆ. ಅದು ಸೂಲಂಗಿಯ ತಿಂಗಳಲ್ಲ, ಆದರೂ ಕನಸಿನಲ್ಲಿ ಎಲ್ಲ ಬಿಳಿ. ನಡುವೆ ರೈಲು ಹಳಿ. ಹಳಿಯ ಮೇಲೆ ಅರ್ಮೋಗಂ ಕಾಲು ಚಾಚಿ ಕೂತಿದ್ದಾನೆ. ಅಪಕೂಕಿ ಹತ್ತಿರ ಹೋದರೆ ತಲೆಗೆ ಕೈ ಹಾಕಿ ಹುಡುಕುತ್ತಾನೆ. "ಇಲ್ಲೇ ಇಟ್ಟಿದ್ದೆ ಕಣೋ ತವಾಲೆ. ಸಿಗ್ತಿಲ್ಲ. ಸಿಕ್ಕಿದ್ರೆ ಹೊರಡ್ತಿದ್ದೆ." ಏನನ್ನು ಎಂದು ಕೇಳುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ತಲೆಯಲ್ಲಿ ಬೆರಳುಗಳು ಓಡಾಡಿದ ಬಿಸಿ ಹಾಗೆಯೇ ಇರುತ್ತಿತ್ತು.

ಹತ್ತನೆಯ ದಿನ ಸುಭಾಗಿ ಸೇತುವೆ ದಾಟಿ ಬಂದಳು. ಅಷ್ಟರಲ್ಲಿ ಅವಳಿಗೂ ಎಲ್ಲ ತಿಳಿದಿತ್ತು. ಅಪಕೂಕಿ ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದ. ಮೆರೆಉಲ ಒಳಗಿನಿಂದ ಗೆಣಸಿನ ತಟ್ಟೆ ತಂದಿಟ್ಟಳು.

"ಒಂದು ತಗೊಳ್ಳಲಾ ಅತ್ತೆ?" ಎಂದು ಕೇಳಿ ಸುಭಾಗಿ ಒಂದು ತುಂಡು ತೆಗೆದುಕೊಂಡಳು. "ಮೋಮೋ, ನನ್ನಿಂದ ತಪ್ಪಾಯ್ತು. ನೀವು ಮಾತು ಕೊಟ್ಟಿದ್ದು ನಂಗೆ ಗೊತ್ತಿರ್ಲಿಲ್ಲ. ಬೇಡ ಬಿಡಿ. ಹೇಗೋ ಆಗತ್ತೆ."

"ಹೇಗೆ ಆಗತ್ತೆ?"

ಅವಳು ಗೆಣಸಿನ ಸಿಪ್ಪೆ ಸುಲಿದಳು.

"ಪಿಂಡ ಇಡದೆ ಇದ್ರೆ ಅವನು ಹೋಗಲ್ಲ ಅಂತಾರಲ್ಲ. ನೀನು ನಂಬ್ತೀಯಾ?"

"ನಂಗೆ ಗೊತ್ತಿಲ್ಲ ಮೋಮೋ. ಅಪ್ಪ ನಂಬಿದ್ರು."

ಅಪಕೂಕಿ ಗರಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. "ಅವನು ಹಳಿ ಮೇಲೆ ಕೂತಿದ್ದಾನೆ," ಎಂದ. "ಕಾಯ್ತಿದ್ದಾನೆ. ನಾನು ಬೋಳಿಸ್ಕೋತೀನಿ ಮಗಾ. ಬರೋದು ಬರ್ಲಿ."

ನೀರು ತರುತ್ತಿದ್ದ ಮೆರೆಉಲಳ ಕೈಯಿಂದ ಚೊಂಬು ಜಾರಿತು. "ಬರೋದು ಬರ್ಲಿ ಅಂದ್ರೆ? ಏನು ಬರತ್ತೆ ಅಂತ ಗೊತ್ತಿದ್ದೂ ಹೇಳ್ತೀರಾ? ಅವರ ಜೊತೆ ಹೋಗೋಕೆ ಅಷ್ಟು ಅವಸರ ಇದ್ರೆ ನನ್ನನ್ನ ಯಾಕೆ ಕಟ್ಕೊಂಡ್ರಿ?" ಎಂದು ಸೆರಗಿಲ್ಲದ ತನ್ನ ಅಂಗಿಯ ತುದಿಯಿಂದಲೇ ಕಣ್ಣೊರೆಸಿಕೊಂಡಳು. ಅಪಕೂಕಿ ಗರಿ ಹೆಣೆದ. ನೆಲದ ಮೇಲೆ ನೀರು ಹರಡುತ್ತಾ ಹೋಯಿತು. ಸುಭಾಗಿ ಆ ನೀರನ್ನೇ ನೋಡುತ್ತಿದ್ದಳು. ಒಂದು ಹಳೆಯ ಕೋಳಿ ಬಂದು ಅದರಲ್ಲಿ ಕೊಕ್ಕು ಅದ್ದಿ, ಅವಳನ್ನು ಓರೆಯಾಗಿ ನೋಡಿ, ಹೊರಟುಹೋಯಿತು.

ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ಒಳಗೆ ಗೂಟಕ್ಕೆ ನೇತು ಹಾಕಿದ್ದ, ಚಿಕ್ಕಂದಿನಲ್ಲಿ ತಾನು ಒಯ್ದು ಮರಳಿ ತಂದಿಟ್ಟಿದ್ದ ಕೆಂಪು ಕೊಡೆಯನ್ನು ಬಹಳ ಹೊತ್ತು ನೋಡಿದಳು. ಬಟ್ಟೆ ಬೆಳ್ಳಗಾಗಿತ್ತು, ಎರಡು ಕಡ್ಡಿ ಮುರಿದಿತ್ತು. ಯಾರೂ ಅದನ್ನು ಎಸೆದಿರಲಿಲ್ಲ.

ಹದಿಮೂರನೆಯ ದಿನ ನದಿಯ ಮೇಲೆ ಮಂಜು ಇತ್ತು. ಸೇತುವೆ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ. ನಾವೆಲ್ಲ ದಡದಲ್ಲಿ ಸೇರಿದ್ದೆವು. ಪೂಜಾರಿ ದರ್ಭೆ ಹರಡಿದ್ದರು, ಕ್ಷೌರಿಕ ತನ್ನ ಪೆಟ್ಟಿಗೆ ಬಿಚ್ಚಿದ್ದ. ಅಪಕೂಕಿ ಮರಳಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ. ಅಷ್ಟು ಹೊತ್ತಿಗೆ ಮಂಜಿನೊಳಗಿಂದ ಆಚೆ ದಡದವರು ಒಬ್ಬೊಬ್ಬರಾಗಿ ಬಂದರು. ಮುಂದೆ ಜೋಸೆವತ, ಹಿಂದೆ ಮೆರೆಉಲ. ತಡೆಯುವುದಕ್ಕೆ ಬಂದವರಲ್ಲ. ತಮ್ಮವನು ಮುರಿಯುವುದನ್ನು ಒಬ್ಬನೇ ಮುರಿಯಬಾರದೆಂದು ಬಂದವರು.

ಕ್ಷೌರಿಕ ಕತ್ತರಿ ಎತ್ತಿದ. ಎತ್ತಿದ ಕೈ ಹಾಗೆಯೇ ನಿಂತಿತು.

"ನನ್ನ ಕೈಯಿಂದ ಬೇಡಪ್ಪ," ಎಂದ. "ನಂಗೂ ಮಕ್ಕಳಿದ್ದಾರೆ."

"ಕೊಡು ಇಲ್ಲಿ. ನಾನೇ ಮಾಡ್ಕೋತೀನಿ," ಎಂದು ಅಪಕೂಕಿ ಕೈ ಚಾಚಿದ.

ಆ ಕೈಗೆ ಕತ್ತರಿ ಬರಲಿಲ್ಲ. ಸುಭಾಗಿ ಹೆಂಗಸರ ಸಾಲಿನಿಂದ ಎದ್ದು ಬಂದು ಕ್ಷೌರಿಕನ ಕೈಯಿಂದ ಅದನ್ನು ತೆಗೆದುಕೊಂಡಿದ್ದಳು. ಕೇಳಲಿಲ್ಲ. ಸುಮ್ಮನೆ ತೆಗೆದುಕೊಂಡಳು. ಮಾವನ ಮುಂದೆ ಮಂಡಿಯೂರಿ ಕೂತಳು.

"ಮೋಮೋ, ನಿನ್ನ ಕೂದ್ಲು ನಂದು."

ಅಪಕೂಕಿ ತಲೆಯೆತ್ತಿದ. ಇಪ್ಪತ್ತು ವರ್ಷದಿಂದ ಕೇಳದಿದ್ದ ದನಿ ಅದು.

"ನೀನು ತಾಕಿಸ್ಬೇಡ. ನೀನು ಕೊಡಲೂ ಬೇಡ. ನಿನ್ನ ಮಾತು ನಿನ್ನ ಹತ್ರಾನೇ ಇರ್ಲಿ. ನಾನು ತಗೊಂಡು ಹೋಗ್ತಿದೀನಿ, ಅಷ್ಟೇ. ವಾಸು ತಗೊಂಡ್ರೆ ಯಾರೂ ಕೈ ಹಿಡಿಯೋ ಹಾಗಿಲ್ಲ ಅಲ್ವಾ?"

ಕೊನೆಯ ಮಾತನ್ನು ಅವಳು ಜೋಸೆವತನ ಕಡೆ ತಿರುಗಿ ಕೇಳಿದಳು. ಅವಳು ವಾಸು ಅಲ್ಲ ಎಂದು ಅವನು ಹೇಳಿದರೆ ಸಾಕಿತ್ತು. ಅಪಕೂಕಿಯೇ ಕತ್ತರಿ ಹಿಡಿದು ಮಾತು ಮುರಿಯಬೇಕಾಗುತ್ತಿತ್ತು. ಹಾರಿದ ಅರಳು, ಉಣ್ಣೆಯ ಕುಚ್ಚಿನ ಚಾಪೆ, ಮಾವನ ತೊಡೆ, ಎಲ್ಲವೂ ಒಂದು ಕಾಲದ ಆಟವಾಗಿಬಿಡುತ್ತಿತ್ತು.

ಜೋಸೆವತನ ವಯಸ್ಸಿನವರು ಕಲ್ಲೋ ದಿಮ್ಮಿಯೋ ನೋಡಿ ಕೂರುತ್ತಾರೆ. ಅವನು ಒದ್ದೆ ಮರಳಿನ ಮೇಲೆಯೇ ಕಾಲು ಮಡಚಿ ಕೂತ. ಅವನ ಹಿಂದೆ ಎಲ್ಲರೂ ಕೂತರು. ಅಂಗೈಗಳನ್ನು ಬಟ್ಟಲು ಮಾಡಿದ. ಒಂದು. ಎರಡು. ಮೂರು. ಹಿಂದಿನವರೂ ತಟ್ಟಿದರು. ಆ ಸದ್ದು ನೀರಿನ ಮೇಲೆ ಹೋಗಿ, ಕಾಣದ ಆಚೆ ದಡವನ್ನು ಮುಟ್ಟಿ, ಸ್ವಲ್ಪ ತಡವಾಗಿ ಮರಳಿ ಬಂತು.

"ಇಷ್ಟು ವರ್ಷ ಎಲ್ಲಿ ಹೋಗಿದ್ದೆ ತಾಯಿ?" ಎಂದ ಜೋಸೆವತ. "ನಮ್ಮ ಕೋಳಿಗಳೆಲ್ಲ ಮುದಿಯಾಗಿ ಸತ್ತೇ ಹೋದ್ವು."

ಸುಭಾಗಿ ನಗಲು ಹೋದಳು. ಆಗಲಿಲ್ಲ. ಎಡಗೈಯನ್ನು ಮಾವನ ತಲೆಯ ಮೇಲಿಟ್ಟಳು. ಅರ್ಮೋಗಂನ ನಂತರ ಆ ತಲೆಯನ್ನು ಮುಟ್ಟಿದ ಮೊದಲ ಕೈ ಅದು. ಮೊದಲ ಹಿಡಿ ಕೂದಲು ಮರಳಿಗೆ ಬಿತ್ತು.

ನಾಲ್ಕು ಎಳೆ ಸಾಕೆಂದು ಪೂಜಾರಿ ಕೆಮ್ಮಿ ಸೂಚಿಸಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಒಯ್ಯುವುದಾದರೆ ಪೂರ್ತಿ ಒಯ್ಯುವವಳು ಅವಳು. ಕತ್ತರಿ ಆದ ಮೇಲೆ ಕತ್ತಿ ಹಿಡಿದಳು. ಕೆಲಸ ಗೊತ್ತಿಲ್ಲದ ಕೈ, ಅಲ್ಲಲ್ಲಿ ಗಾಯವಾಯಿತು, ಅಲ್ಲಲ್ಲಿ ಗೊಂಚಲು ಉಳಿಯಿತು. ಮುಗಿದಾಗ ಅವನ ತಲೆ ಕಟಾವಾದ ಗದ್ದೆಯ ಹಾಗಿತ್ತು.

"ಮುಗೀತಾ?" ಎಂದ ಅಪಕೂಕಿ.

"ಮುಗೀತು."

"ನೀನು ಮಗು ಆಗಿದ್ದಾಗ ಕಿರುಚಿದ್ದೆ. ನೋಡು, ನಾನು ಕಿರುಚಲಿಲ್ಲ."

ಮೆರೆಉಲ ಎರಡೂ ಕೈ ಬಾಯಿಗಿಟ್ಟುಕೊಂಡು ಅಳುತ್ತಿದ್ದವಳು, ಗಂಡನ ತಲೆಯ ಆಕಾರ ಮೊದಲ ಸಲ ಕಂಡು, ಅಳುತ್ತಲೇ ಹೇಳಿದಳು. "ಅಯ್ಯೋ ದೇವರೇ, ಇಷ್ಟು ಚಿಕ್ಕ ತಲೇನಾ ಇದರೊಳಗಿದ್ದಿದ್ದು! ಮೊದ್ಲೇ ಗೊತ್ತಿದ್ರೆ ಮದ್ವೆನೇ ಆಗ್ತಿರ್ಲಿಲ್ಲ!" ಆಗ ಎರಡು ದಡದವರೂ ಒಟ್ಟಿಗೆ ನಕ್ಕರು. ಸಾವಿನ ಕೆಲಸದ ನಡುವೆ ಅಷ್ಟು ನಕ್ಕದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಪಿಂಡವಿಟ್ಟರು. ಕಾಗೆ ಇಲ್ಲದ ದ್ವೀಪ ನಮ್ಮದು. ಒಂದು ಮೈನಾ ಬಂದು ತಿಂದಿತು. ಇಲ್ಲಿ ಯಾವಾಗಲೂ ಅದೇ ಬರುವುದು. ಕೂದಲನ್ನು ಸುಭಾಗಿ ಕೆಂಪು ಉಣ್ಣೆಯ ಅಂಚಿನ ಒಂದು ಹಳೆಯ ಚಾಪೆಯ ತುಂಡಿನಲ್ಲಿ ಸುತ್ತಿ ನದಿಗೆ ಬಿಟ್ಟಳು. ಅದು ಮುಳುಗದೆ ಸೇತುವೆಯ ಕೆಳಗೆ ಹಾದು, ಮಂಜಿನೊಳಗೆ ತೇಲಿಕೊಂಡು ಹೋಯಿತು. ಸೂಲಂಗಿಯ ನಡುವೆ ಹೋಗುತ್ತಿದ್ದ ಹಾಗೆಯೇ.

ಮರುದಿನ ಬೆಳಗಿನ ಜಾವದ ಕನಸಿನಲ್ಲಿ ಹಳಿ ಇತ್ತು, ಬಿಳಿ ಗದ್ದೆ ಇತ್ತು, ಅರ್ಮೋಗಂ ಎದ್ದು ನಿಂತಿದ್ದ. ಅಪಕೂಕಿಯ ತಲೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ಮೇಲೆ ಚುಟ್ಟ ಎಲ್ಲಿಡ್ಲೋ ತವಾಲೆ?" ಎಂದ. ಆಮೇಲೆ ಅದನ್ನು ತನ್ನ ಕಿವಿಯ ಮೇಲೆಯೇ ಸಿಕ್ಕಿಸಿಕೊಂಡು ಹಳಿಯುದ್ದಕ್ಕೂ ನಡೆದುಹೋದ. ಆ ಕನಸು ಮತ್ತೆ ಬೀಳಲಿಲ್ಲವೆಂದು ಅಪಕೂಕಿ ಸ್ವಲ್ಪ ಬೇಸರದಿಂದಲೇ ಹೇಳುತ್ತಿದ್ದ.

ನೂರು ರಾತ್ರಿ ಕಳೆದ ಮಧ್ಯಾಹ್ನ ಆಚೆ ದಡದಲ್ಲಿ ಊಟ. ಆಗ ಡಿಸೆಂಬರು, ಚರ್ಚಿನ ಪಕ್ಕದ ಗುಲ್‌ಮೊಹರ್ ಕೆಂಪಾಗಿ ಉರಿಯುತ್ತಿತ್ತು. ನೆಲದೊಲೆಯಲ್ಲಿ ಕಲ್ಲು ಕಾಯಿಸಿ ಬೇಯಿಸಿದ ಕೆಸುವಿನ ಗೆಡ್ಡೆ, ನಮ್ಮ ಕಡೆಯಿಂದ ಹೋದ ಹುಳಿ, ಪಾಯಸ. ಅಂದು ಅಪಕೂಕಿಯ ಮಾತು ಬಿಡುಗಡೆಯಾಗಬೇಕು. ಆ ಹೊತ್ತಿಗೆ ಕೂದಲು ಒಂದು ಬೆರಳಿನ ದಪ್ಪ ಬೆಳೆದಿತ್ತು. ಅದಕ್ಕೆ ಅವನು ಕಬ್ಬಿಣ ತಾಕಿಸಿರಲಿಲ್ಲ. ಆದರೆ ಪೂರ್ತಿ ಕಪ್ಪಾಗಿ ಬಂದಿರಲಿಲ್ಲ. ಕಪ್ಪು ಮೋಡದ ಮೇಲೆ ಚುಕ್ಕಿ ಚೆಲ್ಲಿದ ಹಾಗೆ ಅಲ್ಲಲ್ಲಿ ಬಿಳಿ.

ಸುಭಾಗಿ ಕತ್ತರಿ ಹಿಡಿದು ಹಿಂದೆ ನಿಂತಳು. ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದಳು.

"ಮೋಮೋ, ಅಮ್ಮನ ಮದುವೆ ಅರಳು ಇನ್ನೂ ಇಲ್ಲೇ ಇದೆ ಕಣೋ."

"ಮೆತ್ತಗೆ ಹೇಳು," ಎಂದ ಅಪಕೂಕಿ. "ಕೋಳಿಗಳಿಗೆ ಕೇಳಿಸತ್ತೆ."

ಸಂಜೆ ಅವಳು ಬಗಲಲ್ಲಿ ಒಂದು ಕೆಂಪು ಕೋಳಿ ಇಟ್ಟುಕೊಂಡು ಸೇತುವೆ ದಾಟಿದಳು. ಹಿಂದಿನಿಂದ ಮೆರೆಉಲ ಕೂಗುವುದು ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು.